ಹಲ್ಲು ಕೂರಿಸುವ ಮೊದಲು ಮೂಳೆ ಅಳೆಯಿರಿ

ಕೆಳಗಿನ ಎಡ ದವಡೆ ಹಲ್ಲು ಕೀಳಿಸಿ ನನಗೆ ಆರು ವರ್ಷವಾಗಿತ್ತು. ಕಡುಬುಟ್ಟು, ಪಂದಿಕರಿ (ನಮ್ಮ ಕೊಡಗಿನ ಅಕ್ಕಿ ಕಡುಬು, ಹಂದಿ ಸಾರು) ಎಲ್ಲಾ ಬಲಗಡೆಯಲ್ಲೇ ನಡೆಯುತ್ತಿತ್ತು. ಕೊನೆಗೊಮ್ಮೆ, ಮೂಳೆಗೆ ಸ್ಕ್ರೂ ಇಳಿಸಿ ಹಲ್ಲು ಕೂರಿಸುವ ಇಂಪ್ಲಾಂಟ್ ವಿಚಾರಿಸಲು ಹೋದೆ. ಮೊದಲ ಕ್ಲಿನಿಕ್‌ನವರು ಒಂದು ಸಣ್ಣ ಎಕ್ಸ್‌ರೇ ನೋಡಿ, "ನಾಳೆನೇ ಹಾಕಿಬಿಡೋಣ" ಅಂದರು. ಯಾಕೋ ಧೈರ್ಯ ಬರಲಿಲ್ಲ, ವಾಪಸ್ ಬಂದೆ. ಸ್ಕ್ರೂ ಹಿಡಿಯುವಷ್ಟು ಮೂಳೆಯೇ ಅಲ್ಲಿರಲಿಲ್ಲ ಅನ್ನುವುದು ಎರಡನೇ ಕಡೆ ಗೊತ್ತಾಯಿತು.

ಇಂಪ್ಲಾಂಟ್ ಅಂದರೆ ಟೈಟಾನಿಯಂ ಸ್ಕ್ರೂ. 1965ರಲ್ಲಿ ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಇದನ್ನು ಹಾಕಿದರು. ಮೂಳೆ ಬೆಳೆದು ಟೈಟಾನಿಯಂಗೆ ಅಂಟಿಕೊಳ್ಳುತ್ತದೆ, ಇಡೀ ಚಿಕಿತ್ಸೆ ನಿಂತಿರುವುದು ಇದರ ಮೇಲೆ. ಆದರೆ ಹಲ್ಲು ಹೋದ ಜಾಗದ ಮೂಳೆ ಕರಗುತ್ತಾ ಹೋಗುತ್ತದೆ. ಮೊದಲ ವರ್ಷದಲ್ಲೇ ಅದರ ಅಗಲ ಹೆಚ್ಚುಕಡಿಮೆ ಅರ್ಧಕ್ಕಿಳಿಯಬಹುದು.

ಮೊದಲು ನೀವು ನುಂಗುವ ಮಾತ್ರೆಗಳ ಪಟ್ಟಿ ಮಾಡಿ. ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ ಬೇಕು. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತಗೊಂಡಿದ್ದರೆ ಮರೆಯದೆ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಸಿಗರೇಟು ಮಾತ್ರ ಇವತ್ತೇ ನಿಲ್ಲಿಸಿ.

ಆಮೇಲೆ ಸ್ಕ್ಯಾನ್. ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿಯೇ ಆಗಬೇಕು. ಮಾಮೂಲಿ ಎಕ್ಸ್‌ರೇಯಲ್ಲಿ ಎತ್ತರ ಕಾಣುತ್ತದೆ, ಅಗಲ ಕಾಣುವುದಿಲ್ಲ. ಎರಡನೇ ಕಡೆಯ ಡಾಕ್ಟರ್ ಮೌಸ್ ಉರುಳಿಸಿದ ಹಾಗೆ ನನ್ನ ದವಡೆ ಬಾಳೆಕಾಯಿ ಬಿಲ್ಲೆ ಹೆಚ್ಚಿದಂತೆ ಒಂದೊಂದೇ ಸೀಳಾಗಿ ಪರದೆ ಮೇಲೆ ಬಂತು. ಕೆಳಗೆ ದಪ್ಪ, ಮೇಲೆ ಕತ್ತಿಯ ಬಾಯಿ. "ಇಲ್ಲಿ ನೋಡಿ, ನಾಲ್ಕೇ ಮಿಲಿಮೀಟರ್." ಸ್ಕ್ರೂ ದಪ್ಪವೇ 4 ಮಿ.ಮೀ. ಅದರ ಎರಡೂ ಕಡೆ ಕನಿಷ್ಠ ಒಂದೊಂದು, ಸಾಧ್ಯವಾದರೆ ಒಂದೂವರೆ ಮಿ.ಮೀ. ಮೂಳೆ ಉಳಿಯಬೇಕು. ಕೆಳಗೊಂದು ಕಪ್ಪು ಚುಕ್ಕೆಯಿತ್ತು, ಅದು ನರ ಹೋಗುವ ದಾರಿ. ಸ್ಕ್ರೂ ತುದಿ ಅದಕ್ಕಿಂತ 2 ಮಿ.ಮೀ. ಮೇಲೆಯೇ ನಿಲ್ಲಬೇಕು. ನರಕ್ಕೆ ಪೆಟ್ಟಾದರೆ ತುಟಿ, ಗದ್ದ ಜೋಮು ಹಿಡಿಯುತ್ತದೆ, ಕೆಲವರಿಗೆ ಹಾಗೇ ಉಳಿದುಬಿಡುತ್ತದೆ. ಮೇಲ್ದವಡೆಯ ಹಿಂಭಾಗದಲ್ಲಿ ಈ ನರದ ಭಯವಿಲ್ಲ. ಅಲ್ಲಿ ಸೈನಸ್ ಗಾಳಿಗೂಡು ಅಡ್ಡ ಬರುತ್ತದೆ. ಮೂಳೆ ತೆಳುವಾಗಿದ್ದರೆ ಅದರ ಪೊರೆಯನ್ನು ಮೇಲಕ್ಕೆತ್ತಿ ಅಡಿಯಲ್ಲಿ ಮೂಳೆ ತುಂಬುತ್ತಾರೆ.

ಮುಂದಿನ ಹೆಜ್ಜೆ ಸ್ವಲ್ಪ ತಲೆಕೆಳಗು ಅನ್ನಿಸಬಹುದು. ಮೊದಲು ಹಲ್ಲು ಎಲ್ಲಿ ಬರಬೇಕು ಅಂತ ಕಂಪ್ಯೂಟರಿನಲ್ಲಿ ಕೂರಿಸಿ, ಆಮೇಲೆ ಅದರಡಿ ಸ್ಕ್ರೂ ಇಡುತ್ತಾರೆ. ಮೂಳೆ ಇದ್ದ ಕಡೆಗೆ ಸ್ಕ್ರೂ ತಿರುಗಿಸಿದರೆ ಹಲ್ಲು ಓರೆಯಾಗುತ್ತದೆ. ಈ ಲೆಕ್ಕದಿಂದಲೇ ತೂತಿರುವ ಪ್ಲಾಸ್ಟಿಕ್ ಅಚ್ಚು ಮಾಡಿಸಬಹುದು. ಡ್ರಿಲ್ ಆ ತೂತಿನಲ್ಲೇ ಇಳಿಯುತ್ತದೆ.

ಮೂಳೆ ಸಾಲದಿದ್ದರೆ ಎಲ್ಲಿಂದ ತರುವುದು? ನಿಮ್ಮದೇ ಗದ್ದದಿಂದ ಅಥವಾ ಕೆಳದವಡೆಯ ಹಿಂಭಾಗದಿಂದ ತೆಗೆಯಬಹುದು. ದಾನಿಗಳ ಮೂಳೆಯುಂಟು, ಕೃತಕ ಪುಡಿಯುಂಟು. ಜಾಸ್ತಿ ಬಳಕೆಯಲ್ಲಿರುವುದರಲ್ಲಿ ದನದ ಮೂಳೆಯ ಹರಳೂ ಒಂದು. ತುಂಬಿದ ಮೂಳೆಯ ಮೇಲೆ ಹೊದಿಸುವ ಪೊರೆ ಎಷ್ಟೋ ಸಲ ದನದ್ದು ಇಲ್ಲವೇ ಹಂದಿಯದು. ನಮ್ಮೂರಲ್ಲಿ ಎರಡನೆಯದಕ್ಕೆ ತಕರಾರು ಕಮ್ಮಿ ಇರಬಹುದು, ಆದರೂ ಎಲ್ಲರ ಮನೆಯೂ ಒಂದೇ ಅಲ್ಲ ಅಲ್ವಾ? ಕುರ್ಚಿಯಲ್ಲಿ ಮಲಗುವ ಮೊದಲೇ ಪ್ಯಾಕೆಟ್ ತೋರಿಸಲು ಕೇಳಿ.

ಖರ್ಚಿನ ಅಂದಾಜನ್ನು ಮೂಳೆ, ಸ್ಕ್ರೂ, ಕ್ಯಾಪ್ (ಸ್ಕ್ರೂ ಮೇಲೆ ಕೂರುವ ಹಲ್ಲು) ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಎರಡನೇ ಅಭಿಪ್ರಾಯ ಬೇಕಿದ್ದರೆ ವಿರಾಜಪೇಟೆಯಲ್ಲೇ ಡೆಂಟಲ್ ಕಾಲೇಜಿದೆ.

ಕೊನೆಯದು ಕ್ಯಾಲೆಂಡರ್. ಕೊಡಗಿನಲ್ಲಿ ಇದೇ ಕಷ್ಟ. ತುಂಬಿದ ಮೂಳೆ ಗಟ್ಟಿಯಾಗಲು ಸುಮಾರು ಆರು ತಿಂಗಳು, ಸ್ಕ್ರೂ ಹಾಕಿದ ಮೇಲೆ ಕೆಳದವಡೆಗೆ ಇನ್ನೂ ಮೂರು. ರೋಬಸ್ಟಾ ಕಾಫಿ ಕೊಯ್ಲು ಬಿಟ್ಟು ಬರಲಾಗದು, ಹಾಗಾಗಿ ಮೂಳೆಗೆ ಮಾರ್ಚ್ ಹಿಡಿದೆ. ಸ್ಕ್ರೂ ಆಗಸ್ಟಿಗೇ ಆಗಲಿ ಅಂತ ಗೋಗರೆದೆ. "ಮೂಳೆಗೆ ಅವಸರ ಇಲ್ಲ. ಮತ್ತೆ ಆ ಮಳೆಯಲ್ಲಿ ರಸ್ತೆ ಕಟ್ಟಾದರೆ ಹೊಲಿಗೆ ಯಾರು ಬಿಚ್ಚೋದು?" ಅಂದರು ಡಾಕ್ಟರ್. ಕೈಲ್ ಪೊಳ್ದ್ ಹಬ್ಬ ಮುಗಿಸಿ ಸೆಪ್ಟೆಂಬರಿನಲ್ಲಿ ಸ್ಕ್ರೂ, ಡಿಸೆಂಬರ್ ಕೊನೆಗೆ ಕ್ಯಾಪ್ ಅಂತಾಯಿತು. ಅದಕ್ಕೂ ಮೊದಲೇ ಬರುವ ಈ ಸಲದ ಪುತ್ತರಿ ಸುಗ್ಗಿ ಹಬ್ಬದ ಊಟವೂ ಬಲಗಡೆಯಲ್ಲೇ.