ಎಂಟು-ಹನ್ನೆರಡರ ಕವರ್ ಅಂದರೆ ಎಷ್ಟು ದೊಡ್ಡದು?

ಹೋದ ಮಳೆಗಾಲ ಮಲ್ಲಿಕಾ ಮಾವಿನ ಕಸಿ ಗಿಡ ತರಲು ಹೋಗಿದ್ದೆ. ‘ಇದು 8-12ರ ಕವರಿನದು, 200 ರೂಪಾಯಿ. ಅದು 14-20, 600’ ಅಂದರು ನರ್ಸರಿಯವರು. ದೊಡ್ಡದೇ ಇರಲಿ ಅಂತ 600 ಕೊಟ್ಟೆ. ಮನೆಗೆ ಬಂದು ಬ್ಲೇಡಿನಲ್ಲಿ ಕವರ್ ಸೀಳಿದರೆ ಕೆಮ್ಮಣ್ಣು ಪುಸಪುಸ ಉದುರಿ, ಕೈಯಲ್ಲಿ ಉಳಿದದ್ದು ಸುಲಿದ ತೆಂಗಿನಕಾಯಿಯಷ್ಟು ಬೇರುಂಡೆ. ಚಿಕ್ಕ ಕವರಿನ ಗಿಡವನ್ನೇ ದೊಡ್ಡದಕ್ಕೆ ದಾಟಿಸಿದ್ದರು. ಕಸಿ ಗಂಟು, ಅಂದರೆ ಎರಡು ಗಿಡ ಬೆಸೆದ ಜಾಗ, ಅದು ಕೂಡ ಅರ್ಧ ಮಣ್ಣಲ್ಲಿ! ಬರೀ ಮಣ್ಣಿಗೆ 400 ತೆತ್ತಂತಾಯಿತು.

ಅಳತೆಯ ಗುಟ್ಟು ತಿಳಿದದ್ದು ಆಮೇಲೆ. 8-12 ಅನ್ನುವುದು ಖಾಲಿ ಕವರನ್ನು ಚಪ್ಪಟೆ ಹಾಸಿದಾಗಿನ ಅಗಲ, ಉದ್ದ, ಇಂಚಿನಲ್ಲಿ. ಮಣ್ಣು ತುಂಬಿದರೆ ದುಂಡಗಾಗುತ್ತದಲ್ಲ, ಆಗ ಸುತ್ತಳತೆ 16 ಇಂಚು, ವ್ಯಾಸ 5ರ ಮೇಲೆ ಚೂರು. ಬಾಯಿಲೆಕ್ಕಕ್ಕೆ, ಅವರು ಹೇಳಿದ ಅಗಲದಲ್ಲಿ ಮೂರರಲ್ಲಿ ಎರಡು ಪಾಲು ಅಂದುಕೊಳ್ಳಿ. 6-9ರದ್ದು 4 ಇಂಚೂ ಇಲ್ಲ, 14-20ರದ್ದು ಸುಮಾರು 9. ತಳ ಮಡಚಿಕೊಳ್ಳುವುದರಿಂದ ಉದ್ದವೂ ಪೂರ್ತಿ ದಕ್ಕುವುದಿಲ್ಲ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲೂ ಸಸಿಯ ದರ ಈ ಕವರಿನ ಅಳತೆಯ ಮೇಲೇ.

ಕುಂಡದ ಲೆಕ್ಕ ಬೇರೆ. ಅಲ್ಲಿ 8 ಇಂಚು ಅಂದರೆ ಬಾಯಿಯ ಅಗಲ. ಹಾಗಾಗಿ 8-12ರ ಗಿಡದ ಬೇರುಂಡೆ 8 ಇಂಚಿನ ಕುಂಡದ ಬಾಯಿಗಿಂತ ಸಣ್ಣದೇ. ಮಾವಿಗೆ ಮಾತ್ರ 12 ಇಂಚಿಗಿಂತ ಚಿಕ್ಕ ಕುಂಡ ಬೇಡ. ಗ್ರೋ ಬ್ಯಾಗ್, ಅಂದರೆ ಗಿಡ ಬೆಳೆಸುವ ಚೀಲ ಮಾರುವವರಲ್ಲಿ ಕೆಲವರು ವ್ಯಾಸ ಹೇಳುತ್ತಾರೆ, ಕೆಲವರು ಚಪ್ಪಟೆ ಅಗಲ. ಕೇಳಿಯೇ ಕೊಳ್ಳಿ.

ಇನ್ನು ಗಿಡ ಆ ಕವರಿನಲ್ಲೇ ಬೆಳೆದದ್ದೋ, ನಿನ್ನೆ ಕೂರಿಸಿದ್ದೋ? ಕಾಂಡವನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಮಣ್ಣೂ ಜೊತೆಗೇ ಅಲುಗಿದರೆ ಬೇರು ತುಂಬಿದೆ. ಕಾಂಡ ಮಾತ್ರ ಗೂಟದ ಹಾಗೆ ಸಡಿಲವಾಗಿ ಆಡಿದರೆ ಬಿಟ್ಟುಬಿಡಿ. ಕವರ್ ಎತ್ತಿ ತಳ ನೋಡಿ: ತೂತಿನಲ್ಲಿ ಬಿಳಿ ಬೇರಿನ ತುದಿ ಇಣುಕಿದರೆ ಸರಿ. ಪೆನ್ಸಿಲ್ ದಪ್ಪದ ಬೇರು ನೆಲಕ್ಕಿಳಿದಿದ್ದರೆ, ಎತ್ತುವಾಗ ಅದು ತುಂಡಾಗಿ ಗಿಡ ವಾರಗಟ್ಟಲೆ ಬಾಡುತ್ತದೆ. ಹಳೇ ಗಿಡದಲ್ಲಿ ಬೇರು ಒಳಗೇ ಸುರುಳಿ ಸುತ್ತಿರುತ್ತದೆ, ನೆಡುವಾಗ ಬಿಡಿಸಬೇಕು. ಕಸಿ ಗಂಟಂತೂ ಮಣ್ಣಿಗಿಂತ ಮೇಲೆ ಕಾಣಲೇಬೇಕು.

ಮೊನ್ನೆ ಅದೇ ನರ್ಸರಿಯಲ್ಲಿ ದಾಸವಾಳದ ಕಾಂಡ ಹಿಡಿದು ಅಲ್ಲಾಡಿಸುತ್ತಿದ್ದೆ. ನೀರು ಬಿಡುತ್ತಿದ್ದ ಹುಡುಗ ನೋಡಿ, ದನಿ ತಗ್ಗಿಸಿ, ‘ಅದು ಹೋದ ವಾರ ತುಂಬಿದ್ದು ಅಮ್ಮಾ, ಗೋಡೆ ಪಕ್ಕದ ಸಾಲಿಂದ ತಗೊಳ್ಳಿ’ ಅಂದ.