ಮೊದಲು ಮನೆಯನ್ನು ಚಿಕ್ಕದು ಮಾಡಿಕೊಳ್ಳಿ

ನಮ್ಮ ಮಗಳು ಮನೆಗೆ ಬಂದಾಗ ಅವಳಿಗೆ ಐದು ವರ್ಷ. ಬಂದ ಹನ್ನೊಂದನೆಯ ದಿನ ಹಾಸಿಗೆ ಕೊಡವುತ್ತಿದ್ದೆ, ದಿಂಬಿನ ಚೀಲದೊಳಗಿಂದ ಒಣಗಿದ ಬ್ರೆಡ್ಡಿನ ಚೂರುಗಳು ಉದುರಿದವು. ಎಣಿಸಿದರೆ ಒಂಬತ್ತು. ಒಂದೊಂದರ ಅಂಚನ್ನೂ ಚೂರೇ ಚೂರು ಕಚ್ಚಿ ಬಿಟ್ಟಿದ್ದಳು. ತಲೆ ಎತ್ತಿದಾಗ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಏನು ಹೇಳಬೇಕೋ ತೋಚಲಿಲ್ಲ. ಚೂರುಗಳನ್ನು ಮತ್ತೆ ಚೀಲದೊಳಗೇ ಇಟ್ಟು, ದಿಂಬನ್ನು ಮೊದಲಿದ್ದ ಜಾಗದಲ್ಲೇ ಇಟ್ಟೆ. ಅವಳು ಏನೂ ಮಾತಾಡದೆ ಒಳಗೆ ಬಂದು ಹಾಸಿಗೆಯ ತುದಿಯಲ್ಲಿ ಕೂತಳು.

ಇದೆಲ್ಲ ಆಗಿ ಹನ್ನೊಂದು ವರ್ಷ ಕಳೆದಿವೆ. ಅವಳ ಹಿಂದೆ ಎರಡು ವರ್ಷಕ್ಕೆ ಎಂಟು ತಿಂಗಳ ಮಗನೂ ಬಂದ. ಇಬ್ಬರೂ ಬೇರೆ ಬೇರೆ ತಾಯಂದಿರ ಮಕ್ಕಳು, ಈಗ ಒಂದೇ ಮನೆಯ ಅಕ್ಕ ತಮ್ಮ. ಹೊಸದಾಗಿ ದತ್ತು ತೆಗೆದುಕೊಂಡವರು, ತೆಗೆದುಕೊಳ್ಳಬೇಕೆಂದಿರುವವರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಮಗುವಿಗೆ ಏನೆಲ್ಲ ಕೊಡಬೇಕು? ನನ್ನ ಅನುಭವದಲ್ಲಿ ಮೊದಲ ಕೆಲಸ ಕೊಡುವುದಲ್ಲ, ಕಡಿಮೆ ಮಾಡುವುದು. ಜನ ಕಡಿಮೆ, ಸಾಮಾನು ಕಡಿಮೆ, ಓಡಾಟ ಕಡಿಮೆ, ಮಾತೂ ಕಡಿಮೆ. ಮನೆ ಚಿಕ್ಕದಾದಷ್ಟೂ ಮಗುವಿನ ಕೈಗೆ ಸಿಗುತ್ತದೆ.

ಮೊದಲ ಆರು ತಿಂಗಳು

ನಾವು ಇದನ್ನು ತಿಳಿಯದೆ ತಪ್ಪು ಮಾಡಿದೆವು. ಮಗಳು ಬಂದ ಮೊದಲ ವಾರವೇ ಬಂಧುಗಳನ್ನೆಲ್ಲ ಕರೆದೆವು. ಅವಳು ಒಬ್ಬೊಬ್ಬರ ಮಡಿಲಲ್ಲೂ ಕೂತಳು, ಕೇಳಿದವರಿಗೆಲ್ಲ ಮುತ್ತು ಕೊಟ್ಟಳು. 'ಎಷ್ಟು ಬೇಗ ಹೊಂದಿಕೊಂಡುಬಿಟ್ಟಳು!' ಎಂದು ಎಲ್ಲರೂ ಕೊಂಡಾಡಿದರು. ನನಗೂ ಹೆಮ್ಮೆಯೇ. ಆ ರಾತ್ರಿ ಮೂರು ಗಂಟೆಯವರೆಗೆ ಅವಳು ಕಣ್ಣು ಮುಚ್ಚಲಿಲ್ಲ, ಮೊಣಕೈಯ ಚರ್ಮ ಕೆಂಪಾಗುವವರೆಗೆ ಕೆರೆದುಕೊಂಡಿದ್ದಳು. ಯಾರು ಉಳಿಯುವವರು, ಯಾರು ಹೋಗುವವರು ಎಂದು ಅವಳಿಗೆ ಗೊತ್ತಿರಲಿಲ್ಲ. ಅದಕ್ಕೇ ಎಲ್ಲರನ್ನೂ ಒಲಿಸಿಕೊಳ್ಳುತ್ತಿದ್ದಳು.

ಹಾಗಾಗಿ ಮೊದಲ ಕೆಲವು ತಿಂಗಳು ಊಟ ಮಾಡಿಸುವುದು, ಸ್ನಾನ, ಮಲಗಿಸುವುದು, ಬಿದ್ದಾಗ ಎತ್ತಿಕೊಳ್ಳುವುದು, ಈ ನಾಲ್ಕು ಕೆಲಸ ನಿಮ್ಮಿಬ್ಬರ ಕೈಯಲ್ಲೇ ಇರಲಿ. ನೀವು ಒಬ್ಬರೇ ಸಾಕುತ್ತಿದ್ದರೆ ನಿಮ್ಮೊಬ್ಬರ ಕೈಯಲ್ಲಿ. ನೆಂಟರು ಬರಲಿ, ಪಾತ್ರೆ ತೊಳೆಯಲಿ, ಬಟ್ಟೆ ಮಡಚಲಿ, ಮಗುವಿನ ಜೊತೆ ಆಡಲಿ. ಸಮಾಧಾನ ಮಾಡುವ ಮಡಿಲು ಮಾತ್ರ ನಿಮ್ಮದೇ. ಅಜ್ಜಿ ತಾತಂದಿರಿಗೆ ಇದು ನೋವು ತರುತ್ತದೆ. ಮುಂಚೆಯೇ ಕೂರಿಸಿಕೊಂಡು ಕಾರಣ ಹೇಳಿ, ತಿಂಗಳ ಲೆಕ್ಕವನ್ನೂ ಹೇಳಿ. 'ಸದ್ಯಕ್ಕೆ' ಎಂಬ ಮಾತನ್ನು ಜನ ಒಪ್ಪಿಕೊಳ್ಳುತ್ತಾರೆ.

ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಹೇಳಿದ್ದೂ ಇದನ್ನೇ: ಮಗುವಿನ ಧೈರ್ಯ ಹುಟ್ಟುವುದು ಮತ್ತೆ ಮತ್ತೆ ತಿರುಗಿ ಬರುವ ಕೆಲವೇ ಕೆಲವರಿಂದ. ಅಲ್ಲಿನ ಇನ್ನೊಬ್ಬ ಮನೋವೈದ್ಯ ಮೈಕೆಲ್ ರಟರ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ರೊಮೇನಿಯಾದಿಂದ ಬ್ರಿಟನ್ನಿನ ಮನೆಗಳಿಗೆ ಬಂದ ಮಕ್ಕಳನ್ನು, ಅವರು ದೊಡ್ಡವರಾಗುವವರೆಗೂ ಗಮನಿಸುತ್ತ ಹೋದರು. ಹೆಚ್ಚಿನವರು ಅನಾಥಾಲಯಗಳಲ್ಲಿ ಇದ್ದವರು. ಆರು ತಿಂಗಳು ತುಂಬುವ ಮೊದಲೇ ಮನೆ ಸೇರಿದವರು ಬಹುಮಟ್ಟಿಗೆ ಉಳಿದ ಮಕ್ಕಳಂತೆಯೇ ಬೆಳೆದರು. ಅದಕ್ಕಿಂತ ಹೆಚ್ಚು ಕಾಲ ಅಲ್ಲಿ ಕಳೆದವರಲ್ಲಿ ಹಲವರಿಗೆ, ಒಳ್ಳೆಯ ಮನೆ ಸಿಕ್ಕ ಮೇಲೂ, ಅಪರಿಚಿತರೊಡನೆ ಅತಿ ಸಲುಗೆಯಂಥ ತೊಡಕುಗಳು ವರ್ಷಗಟ್ಟಲೆ ಉಳಿದವು. ಏನೂ ತೊಂದರೆಯಿಲ್ಲದೆ ಬೆಳೆದವರೂ ಅವರಲ್ಲಿ ಇದ್ದರು. ಇದನ್ನು ಓದಿದ ದಿನ ನನ್ನ ಎದೆಯ ಭಾರ ಇಳಿಯಿತು. ಮಗಳ ವರ್ತನೆ ನನ್ನ ಪ್ರೀತಿಗೆ ಕೊಟ್ಟ ಅಂಕ ಆಗಿರಲಿಲ್ಲ. ಅವಳು ಐದು ವರ್ಷ ಬದುಕಿ ಕಲಿತ ಪಾಠ ಅದು. ಮರೆಯುವುದಕ್ಕೂ ಅದರದೇ ಕಾಲ ಬೇಕು.

ಬ್ರೆಡ್ಡಿನ ಚೂರುಗಳ ವಿಷಯಕ್ಕೆ ಬರುತ್ತೇನೆ. ತಿನ್ನುವುದನ್ನು ಬಚ್ಚಿಡುವ ಮಗುವಿಗೆ 'ಇಲ್ಲಿ ಬೇಕಾದಷ್ಟಿದೆ' ಎಂದು ಹೇಳಿ ಪ್ರಯೋಜನವಿಲ್ಲ, ಕಣ್ಣಿಗೆ ಕಾಣಬೇಕು. ಅವಳ ಹಾಸಿಗೆಯ ಪಕ್ಕ, ಕೈಗೆಟಕುವ ಎತ್ತರದಲ್ಲಿ ಒಂದು ಮುಚ್ಚಳವಿಲ್ಲದ ಬುಟ್ಟಿ ಇಟ್ಟೆವು. ಅದಕ್ಕೆ ಮೂರೇ ನಿಯಮ. ಯಾವ ಹೊತ್ತಿಗಾದರೂ ಕೇಳದೆ ತೆಗೆದುಕೊಳ್ಳಬಹುದು. ಬುಟ್ಟಿ ಯಾವತ್ತೂ ಖಾಲಿಯಾಗಬಾರದು. ಶಿಕ್ಷೆಗೋ ಬಹುಮಾನಕ್ಕೋ ಅದನ್ನು ಮುಟ್ಟಬಾರದು. ಮೊದಲ ವಾರಗಳಲ್ಲಿ ಅವಳು ದಿನಕ್ಕೆ ಹತ್ತು ಸಲ ಬಂದು ಬುಟ್ಟಿಯೊಳಗೆ ಇಣುಕಿ ನೋಡಿ ಹೋಗುತ್ತಿದ್ದಳು, ತಿನ್ನುತ್ತಿರಲಿಲ್ಲ. ದಿಂಬಿನೊಳಗೆ ಚೂರು ಸಿಗುವುದು ನಿಂತದ್ದು ಏಳು ತಿಂಗಳಾದ ಮೇಲೆ.

ಇನ್ನೊಂದು ಮಾತು, ಇದನ್ನು ಹೇಳುವಾಗ ಈಗಲೂ ಗಂಟಲು ಕಟ್ಟುತ್ತದೆ. ಮಗು ಯಾವ ಬಟ್ಟೆಯಲ್ಲಿ, ಯಾವ ಹೊದಿಕೆಯಲ್ಲಿ ಬಂತೋ ಅದನ್ನು ತೊಳೆಯಬೇಡಿ. ಮಗಳು ಹಾಕಿಕೊಂಡು ಬಂದಿದ್ದ ಮಾಸಲು ಹಳದಿ ಫ್ರಾಕನ್ನು ನಾನು ಮರುದಿನವೇ ಒಗೆದು, ಇಸ್ತ್ರಿ ಮಾಡಿ, ಮಡಚಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಮೂಗಿಗೆ ಒತ್ತಿಕೊಂಡಳು. ಒಮ್ಮೆ, ಇನ್ನೊಮ್ಮೆ. ಆಮೇಲೆ ನೆಲದ ಮೇಲಿಟ್ಟು ಹೋದಳು. ಮತ್ತೆ ಅದನ್ನು ಮುಟ್ಟಲಿಲ್ಲ. ಅವಳ ಹಳೆಯ ಬದುಕಿನಿಂದ ಉಳಿದಿದ್ದ ವಾಸನೆ ಅದೊಂದೇ ಆಗಿತ್ತು. ಮಗನನ್ನು ಕರೆತಂದಾಗ ಅವನ ಹೊದಿಕೆಯನ್ನು ಹಾಗೇ ಎತ್ತಿಟ್ಟೆವು. ಎರಡು ತಿಂಗಳು ಅದರ ಮೇಲೆಯೇ ಮಲಗಿದ.

ಮುನಿಸು, ಕಿರುಚಾಟ, ಮತ್ತೆ ಜೊತೆಯಾಗುವುದು

ನೀವು ತಾಳ್ಮೆ ಕಳೆದುಕೊಳ್ಳುತ್ತೀರಿ. ಎಲ್ಲರೂ ಕಳೆದುಕೊಳ್ಳುತ್ತಾರೆ. ಆದರೆ ಒಮ್ಮೆ ಮನೆ ಕಳೆದುಕೊಂಡ ಮಗುವಿಗೆ ನಿಮ್ಮ ಕೂಗು 'ನನ್ನನ್ನು ವಾಪಸ್ ಕಳಿಸುತ್ತಾರೆ' ಎಂದು ಕೇಳಿಸುತ್ತದೆ. ಒಮ್ಮೆ ನೀರಿನ ಜಗ್ ಬೀಳಿಸಿದಳೆಂದು ಗದರಿದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ತನ್ನ ಚಪ್ಪಲಿ ಹಾಕಿಕೊಂಡು, ಸ್ಕೂಲ್ ಬ್ಯಾಗ್ ತಬ್ಬಿಕೊಂಡು ಮುಂಬಾಗಿಲ ಹತ್ತಿರ ಕೂತಿದ್ದಳು. ಅಳುತ್ತಲೂ ಇರಲಿಲ್ಲ, ಸಿದ್ಧವಾಗಿದ್ದಳು, ಅಷ್ಟೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಕಿರುಚಿದವರೇ ಮೊದಲು ಹೋಗಬೇಕು, ಮಗುವಿನ ಕಣ್ಣಿನ ಮಟ್ಟಕ್ಕೆ ಕೂರಬೇಕು, ಮೂರೇ ವಾಕ್ಯ ಹೇಳಬೇಕು: 'ನಾನು ಕಿರುಚಿದೆ. ಅದು ನನ್ನ ತಪ್ಪು. ನೀನು ಇಲ್ಲೇ ಇರ್ತೀಯ, ನಾನೂ ಇಲ್ಲೇ ಇರ್ತೀನಿ.' ಆಮೇಲೆ ನೀರು ಒರೆಸುವುದು, ಇಬ್ಬರೂ ಸೇರಿ. ಉಪದೇಶ ಬೇಡ. ಚೆಲ್ಲಿದ್ದಕ್ಕೆ ಒರೆಸುವುದೇ ಪಾಠ. ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞ ತಾಯಿ ಮಕ್ಕಳ ಮುಖಾಮುಖಿಯನ್ನು ಕ್ಷಣ ಕ್ಷಣವಾಗಿ ಅಭ್ಯಾಸ ಮಾಡಿದವರು. ಚೆನ್ನಾಗಿರುವ ಜೋಡಿಗಳಲ್ಲೂ ಹೆಚ್ಚಿನ ಹೊತ್ತು ತಾಳ ತಪ್ಪಿಯೇ ಇರುತ್ತದೆ, ತಪ್ಪಿದ ತಾಳ ಮತ್ತೆ ಕೂಡಿಕೊಳ್ಳುವುದರಲ್ಲೇ ಮಗು ನಂಬಿಕೆ ಕಲಿಯುತ್ತದೆ ಎಂಬುದು ಅವರು ಕಂಡುಕೊಂಡದ್ದು.

ಕೋಣೆಗೆ ಕಳಿಸಿ ಬಾಗಿಲು ಹಾಕುವ ಶಿಕ್ಷೆಯಂತೂ ಬೇಡವೇ ಬೇಡ. ಒಂಟಿತನ ಈ ಮಕ್ಕಳಿಗೆ ಹೊಸದಲ್ಲ. ಹತ್ತಿರ ಕೂರಿಸಿಕೊಂಡು, ಇಬ್ಬರೂ ಸುಮ್ಮನಿದ್ದು, ಉಸಿರು ಇಳಿದ ಮೇಲೆ ಮಾತಾಡಿ.

ಕಥೆ ಹೇಳುವುದು

'ಯಾವಾಗ ಹೇಳಬೇಕು' ಎಂದು ಕಾಯುವವರು ತುಂಬ. ಮಗುವಿಗೆ ಮಾತು ತಿಳಿಯುವ ಮುಂಚೆಯೇ ಶುರುಮಾಡಿ. ಡೈಪರ್ ಬದಲಿಸುವಾಗ ಹೇಳಿದರೆ ನಿಮ್ಮ ನಾಲಿಗೆಯೂ ಪಳಗುತ್ತದೆ. 'ದತ್ತು' ಎಂಬ ಪದ ನೆನಪಿಲ್ಲದಷ್ಟು ಹಿಂದಿನಿಂದ ಕಿವಿಗೆ ಬಿದ್ದಿರಬೇಕು. ಇಂಥ ದಿನ, ಇಂಥ ಹೊತ್ತಿನಲ್ಲಿ, ಎದುರಿಗೆ ಕೂರಿಸಿಕೊಂಡು ತಿಳಿಸಿದರೆ ಅದು ಸಾವಿನ ಸುದ್ದಿಯಂತೆ ಇಳಿಯುತ್ತದೆ.

ಮಗು ಪದ ಹೇಳುತ್ತದೆ ಎಂದ ಮಾತ್ರಕ್ಕೆ ಅರ್ಥವಾಗಿದೆ ಎಂದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಬ್ರಾಡ್‌ಜಿನ್‌ಸ್ಕಿ 1980ರ ದಶಕದಲ್ಲಿ ತೋರಿಸಿದ್ದು ಇದನ್ನೇ. ಪುಟ್ಟ ಮಕ್ಕಳು ತಮ್ಮ ಕಥೆಯನ್ನು ಖುಷಿಯಾಗಿ ಒಪ್ಪಿಸುತ್ತಾರೆ, ಆರು ಏಳು ವರ್ಷದ ಮೇಲೆ ಅದರ ಇನ್ನೊಂದು ಮಗ್ಗುಲು ಹೊಳೆಯತೊಡಗುತ್ತದೆ: ನನ್ನನ್ನು ಒಬ್ಬರು ಆರಿಸಿಕೊಂಡರು ಅಂದರೆ ಇನ್ನೊಬ್ಬರು ಬಿಟ್ಟಿರಬೇಕು. ನಮ್ಮ ಮಗನಿಗೆ ಅದು ಹೊಳೆದದ್ದು ಏಳೂವರೆಗೆ. ಅವನ ತಲೆ ಬಾಚುತ್ತಿದ್ದೆ. ಕನ್ನಡಿಯಲ್ಲೇ ನನ್ನನ್ನು ನೋಡುತ್ತ ಕೇಳಿದ, 'ಅವಳ ಕೂದಲೂ ಹೀಗೇ ಗುಂಗುರಾ?' ಬಾಚಣಿಗೆ ನಿಲ್ಲಿಸಬಾರದು ಎಂದು ನನಗೆ ನಾನೇ ಹೇಳಿಕೊಂಡೆ. 'ನಂಗೂ ಗೊತ್ತಿಲ್ಲ ಕಂದಾ. ಇರಬಹುದು. ನಿಂಗೆ ನೋಡಬೇಕು ಅನ್ಸುತ್ತಾ?' ಅಂದೆ. 'ಹೂಂ' ಅಂದ. ಆಮೇಲೆ ಆಡಲು ಓಡಿದ. ವಾರಗಟ್ಟಲೆ ಆ ಮಾತೇ ಇಲ್ಲ. ಪ್ರಶ್ನೆಗಳು ಹೀಗೇ, ಹನಿ ಹನಿಯಾಗಿ ಬರುತ್ತವೆ. ಒಂದು ಹನಿ ಕೇಳಿದರೆ ಒಂದೇ ಹನಿ ಕೊಡಿ, ಕೊಡ ಸುರಿಯಬೇಡಿ.

ಹೆತ್ತ ತಾಯಿಯ ಬಗ್ಗೆ ಕೆಟ್ಟದ್ದು ಆಡಬೇಡಿ, ಗೊತ್ತಿಲ್ಲದ ಒಳ್ಳೆಯದನ್ನು ಕಟ್ಟಿಯೂ ಹೇಳಬೇಡಿ. 'ನಿನ್ನ ಮೇಲೆ ತುಂಬಾ ಪ್ರೀತಿ ಇದ್ದಿದ್ದಕ್ಕೇ ಕೊಟ್ಟಳು' ಎಂದರೆ, ಪ್ರೀತಿಸುವವರೆಲ್ಲ ಕೊಟ್ಟುಬಿಡುತ್ತಾರೆ ಎಂದು ಮಗು ಲೆಕ್ಕ ಹಾಕುತ್ತದೆ. 'ಆಗ ಅವಳಿಗೆ ಯಾವ ಮಗುವನ್ನೂ ಸಾಕುವ ಸ್ಥಿತಿ ಇರಲಿಲ್ಲ. ನೀನು ಮಾಡಿದ್ದರಿಂದ ಆದದ್ದಲ್ಲ' ಎಂಬುದು, ನಿಮಗೆ ತಿಳಿದಷ್ಟಕ್ಕೆ ಅದು ಹೊಂದುವುದಾದರೆ, ಹೇಳಬಹುದಾದ ಮಾತು. ತನ್ನ ಹೆತ್ತವರು ಯಾರು ಎಂದು ಸಾಧ್ಯವಾದಷ್ಟೂ ತಿಳಿಯುವುದು ಮಗುವಿನ ಹಕ್ಕು ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಏಳನೆಯ ವಿಧಿಯಲ್ಲೇ ಇದೆ. ಆದ್ದರಿಂದ ಕಾಗದಪತ್ರ, ಫೋಟೊ, ಚೀಟಿ, ಒಂದನ್ನೂ ಎಸೆಯಬೇಡಿ.

ಹೊರಗಿನವರಿಗೆ ಮಾತ್ರ ಇದ್ಯಾವುದೂ ಬೇಡ. 'ನಿಜವಾದ ಅಮ್ಮ ಯಾರು', 'ಈ ಮಗು ಪುಣ್ಯ ಮಾಡಿತ್ತು' ಎನ್ನುವವರು ಸಿಕ್ಕೇ ಸಿಗುತ್ತಾರೆ. ಮಗುವಿನ ಎದುರಿಗೇ 'ಪುಣ್ಯ ನಮ್ಮದು' ಎಂದು ಹೇಳಿ ಮುಂದೆ ನಡೆಯಿರಿ. ಉಳಿದದ್ದು ಮಗುವಿನ ಸ್ವತ್ತು. ಹೇಳುವುದೋ ಬಿಡುವುದೋ ಅದು ನಿರ್ಧರಿಸಲಿ. ಶಾಲೆಯಲ್ಲಿ ವಂಶವೃಕ್ಷ ಬರೆಸುವ ಪಾಠ ಬರುತ್ತದೆಯೇ ಎಂದು ವರ್ಷದ ಮೊದಲಲ್ಲೇ ಶಿಕ್ಷಕರನ್ನು ವಿಚಾರಿಸಿಡಿ. ಮಗಳು ತನ್ನ ಮರಕ್ಕೆ ಬೇರುಗಳನ್ನೂ ಕೊಂಬೆಗಳನ್ನೂ ಬೇರೆ ಬೇರೆ ಬಣ್ಣದಲ್ಲಿ ಬರೆದಳು.

ನಿಮ್ಮ ಪಾಡು

ಮಗು ಬಂದ ಮೇಲೆ ಖುಷಿಯೇ ಇಲ್ಲ ಅನ್ನಿಸಿದರೆ ಹೆದರಬೇಡಿ. ದತ್ತಿನ ನಂತರದ ಖಿನ್ನತೆಗೆ ಹೆಸರಿದೆ, ಆರೈಕೆಯೂ ಇದೆ. ಹೆರಿಗೆ ಆಗಿಲ್ಲವಲ್ಲ ಎಂದು ಯಾರೂ ನಿಮ್ಮನ್ನು ಬಾಣಂತಿಯ ಹಾಗೆ ನೋಡಿಕೊಳ್ಳುವುದಿಲ್ಲ, ನಿದ್ದೆಗೆಟ್ಟ ಲೆಕ್ಕ ಮಾತ್ರ ಅಷ್ಟೇ ಇರುತ್ತದೆ. ಮೂರನೆಯ ತಿಂಗಳಲ್ಲಿ ನಾನು ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ವರ್ಷಗಟ್ಟಲೆ ಕಾದು ಪಡೆದದ್ದಕ್ಕೆ ಅಳುವುದೇ ಎಂಬ ನಾಚಿಕೆ ಬೇರೆ. ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ ವೈದ್ಯರ ಹತ್ತಿರ ಹೋಗಿ. ನಾನು ಹೋದೆ, ಉಪಯೋಗವಾಯಿತು. ಮಗು ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದರೆ, ನೋವಾದರೂ ಯಾರ ಹತ್ತಿರವೂ ಬರದಿದ್ದರೆ, ಅದಕ್ಕೂ ಕಾಯಬೇಡಿ.

ಮಿಕ್ಕಂತೆ ನಮ್ಮನ್ನು ಕಾಪಾಡಿದ್ದು ಒಂದು ಸಣ್ಣ ಒಪ್ಪಂದ. ರಾತ್ರಿಗಳನ್ನು ಹಂಚಿಕೊಂಡೆವು, ಒಂದು ನನ್ನದು, ಒಂದು ಅವರದು. ತನ್ನದಲ್ಲದ ರಾತ್ರಿ ಎಷ್ಟೇ ಸದ್ದಾದರೂ ಏಳುವಂತಿಲ್ಲ.

ಸಂತೋಷದ ವಿಷಯದಲ್ಲೂ ಚಿಕ್ಕದೇ ಲೇಸು. ನಮ್ಮಲ್ಲಿಗೆ ಬಂದ ಮೇಲೆ ಮಗಳ ಮೊದಲ ಹುಟ್ಟುಹಬ್ಬಕ್ಕೆ ಮನೆ ತುಂಬ ಬಲೂನು, ಇಪ್ಪತ್ತು ಮಕ್ಕಳು. ಅವಳು ವಾಷಿಂಗ್ ಮಷೀನಿನ ಹಿಂದೆ ಅವಿತಿದ್ದಳು. ಹುಟ್ಟಿದ ದಿನ ಈ ಮಕ್ಕಳಿಗೆ ಅಗಲಿದ ದಿನವನ್ನೂ ನೆನಪಿಸುತ್ತದೆ ಎಂದು ಆಮೇಲೆ ತಿಳಿಯಿತು. ಮುಂದಿನ ವರ್ಷ ನಾವು ಮೂವರೇ, ಒಂದೇ ಮೇಣದಬತ್ತಿ. ಮೂರು ಸಲ ಹಚ್ಚಿಸಿ ಮೂರು ಸಲ ಊದಿದಳು.

ದಿನಕ್ಕೆ ಹದಿನೈದು ನಿಮಿಷ ಫೋನ್ ಇನ್ನೊಂದು ಕೋಣೆಯಲ್ಲಿಟ್ಟು ನೆಲದ ಮೇಲೆ ಕೂತುಬಿಡಿ. ಆಟ ಮಗುವಿನದು, ನಿಯಮವೂ ಅದರದೇ. ಬಣ್ಣ ಕಲಿಸಬೇಡಿ, ಎಣಿಕೆ ಕಲಿಸಬೇಡಿ. ನಮ್ಮಲ್ಲಿ ಅದು ಹೊದಿಕೆಯ ಗುಡಾರವಾಗಿತ್ತು. ಮಗಳು ಏಳು ವರ್ಷದವಳಾದರೂ ಅದರೊಳಗೆ ಕೂಸಾಗಿಬಿಡುತ್ತಿದ್ದಳು, ಎತ್ತಿ ತೂಗು ಎನ್ನುತ್ತಿದ್ದಳು. ತೂಗಿ. ಸಿಗದೆ ಹೋದ ಶೈಶವವನ್ನು ಕೇಳಿ ಪಡೆಯುತ್ತಿರುತ್ತಾರೆ.

ಕೊನೆಗೆ, ಪ್ರತಿ ಮಗುವಿಗೂ ಒಂದೊಂದು ಬದುಕಿನ ಪುಸ್ತಕ ಮಾಡಿ. ದಪ್ಪ ಹಾಳೆಯ ನೋಟ್‌ಬುಕ್ ಸಾಕು. ಮನೆಗೆ ಬಂದ ದಿನದಿಂದ ಶುರುಮಾಡಬೇಡಿ, ಹುಟ್ಟಿನಿಂದ ಶುರುಮಾಡಿ, ಗೊತ್ತಿಲ್ಲದ ಕಡೆ ಪುಟವನ್ನು ಖಾಲಿ ಬಿಡಿ. ಮಗನ ಪುಸ್ತಕದಲ್ಲಿ ಮೊದಲ ನಾಲ್ಕು ಪುಟ ಖಾಲಿ ಇವೆ. ಬರೆಯುವುದನ್ನು ಪೆನ್ಸಿಲ್ಲಿನಲ್ಲೇ ಬರೆಯಿರಿ. ಹೋದ ತಿಂಗಳು ಮಗಳು ತನ್ನ ಪುಸ್ತಕ ತೆಗೆದು ಕೂತಿದ್ದಳು. 'ಆ ದಿನ ನೀನು ಅಳುತ್ತಿದ್ದೆ' ಎಂದು ನಾನು ಬರೆದಿದ್ದ ಸಾಲನ್ನು ಅಳಿಸಿ, ತನ್ನ ಓರೆ ಅಕ್ಷರದಲ್ಲಿ ತಿದ್ದಿದ್ದಾಳೆ: 'ಅಳುತ್ತಿದ್ದದ್ದು ಅಮ್ಮ.'