ಹಳೇ ಬಿದ್ರಿ ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡಿ

ಹಳೇ ಸಾಮಾನು ಕೂಡಿಡಬೇಕು ಅನ್ನುವ ಆಸೆ ಇರುವವರು ನನ್ನ ಹತ್ತಿರ ಬಂದಾಗ ಮೊದಲು ಕೇಳುವುದು, 'ಎಲ್ಲಿಂದ ಶುರು ಮಾಡಲಿ?' ಅಂತ. ಚೀನಾದ ಪಿಂಗಾಣಿ ಚೆನ್ನಾಗಿರುತ್ತದೆ, ಪರ್ಷಿಯಾದ ಜಮಖಾನ ಇನ್ನೂ ಚೆನ್ನಾಗಿರುತ್ತದೆ. ಆದರೆ ನೀವು ಕಲಬುರಗಿ, ಬೀದರ್, ಯಾದಗಿರಿ ಕಡೆಯವರಾಗಿದ್ದರೆ ಬಿದ್ರಿಯಿಂದಲೇ, ಅಂದರೆ ಕಪ್ಪು ಲೋಹದ ಮೈಯಲ್ಲಿ ಬೆಳ್ಳಿ ಕೂರಿಸಿದ ಬೀದರಿನ ಸಾಮಾನಿನಿಂದಲೇ ಶುರು ಮಾಡಿ ಅಂತ ನಾನು ಹೇಳುತ್ತೇನೆ. ಅಭಿಮಾನಕ್ಕೆ ಹೇಳುತ್ತಿಲ್ಲ. ಇನ್ನೂರು ವರ್ಷದ ಹಿಂದಿನ ಹುಕ್ಕಾ ತಳವನ್ನು ಹೇಗೆ ಮಾಡಿದ್ದರೋ, ಹೆಚ್ಚುಕಡಿಮೆ ಹಾಗೇ ಮಾಡುವ ಕೈಗಳು ಇವತ್ತೂ ಬೀದರಿನಲ್ಲಿವೆ. ಮಾಡುವುದನ್ನು ಕಣ್ಣಾರೆ ನೋಡಿದವರಿಗೆ ಹಳೇದನ್ನು ಓದುವುದು ಸುಲಭ.

ನನ್ನದು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಗಡಿಯಾರ ರಿಪೇರಿ ಅಂಗಡಿ. ದಿನವಿಡೀ ಕಣ್ಣಿಗೆ ಐಗ್ಲಾಸ್ ಸಿಕ್ಕಿಸಿಕೊಂಡು ಕೂರುವ ಕೆಲಸ. ಸಣ್ಣ ಗೀರು, ಸವೆದ ಹಲ್ಲು, ಯಾರೋ ಹಿಂದೆ ಮಾಡಿದ ರಿಪೇರಿಯ ಗುರುತು, ಇವನ್ನೆಲ್ಲ ಹುಡುಕುವ ಚಟ ಹಾಗೇ ಅಂಟಿಕೊಂಡಿದೆ. ಆ ಐಗ್ಲಾಸನ್ನೇ ಬಿದ್ರಿ ನೋಡುವುದಕ್ಕೂ ಬಳಸುತ್ತೇನೆ. ನಿಮಗೂ ಒಂದು ಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ ಸಾಕು, ಜಾಸ್ತಿ ದುಡ್ಡಿನದು ಬೇಡ.

ಮೊದಲ ಕೆಲಸ, ಏನೂ ಕೊಳ್ಳದೆ ಬೀದರಿಗೆ ಹೋಗಿ ಬನ್ನಿ. 2017ರಲ್ಲಿ ಕಲಬುರಗಿ-ಬೀದರ್ ರೈಲು ಮಾರ್ಗ ಶುರುವಾದ ಮೇಲೆ ಓಡಾಟ ಸುಲಭವಾಗಿದೆ. ಚೌಬಾರಾ ಅನ್ನುವ ಹಳೇ ಗೋಪುರದ ಸುತ್ತಿನ ಓಣಿಗಳಲ್ಲಿ, ಸಿದ್ದೀಖ್ ತಾಲೀಮ್ ಕಡೆ, ಸುತ್ತಿಗೆ ಸದ್ದು ಹಿಡಿದು ನಡೆಯಿರಿ. ಕೇಳಿದರೆ ಕೂರಿಸಿ ತೋರಿಸುತ್ತಾರೆ. 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಅದಾದ ಮೇಲೆ ಈ ಕೆಲಸ ನೋಡಲು ಬರುವವರು ಹೆಚ್ಚಿದ್ದಾರೆ. ಆದರೆ ನೀವು ಹೋಗಬೇಕಾದದ್ದು ಫೋಟೋ ತೆಗೆಯಲಿಕ್ಕಲ್ಲ, ಹಂತ ಹಂತವಾಗಿ ಕೆಲಸ ನೋಡಲಿಕ್ಕೆ.

ಬಿದ್ರಿಯ ಮೈ ಸತುವಿನದು. ಅದಕ್ಕೆ ಸ್ವಲ್ಪ ತಾಮ್ರ ಸೇರಿಸುತ್ತಾರೆ, ಈಗ ಸಾಮಾನ್ಯವಾಗಿ 16 ಭಾಗ ಸತುವಿಗೆ 1 ಭಾಗ ತಾಮ್ರ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಆಮೇಲೆ ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಚಿತ್ರ ಬರೆದರೆ, ಉಳಿಯಿಂದ ಕೊರೆದರೆ ಗೆರೆ ಕಾಣಲಿ ಅಂತ. ಕೊರೆದ ತೋಡಿನಲ್ಲಿ ಬೆಳ್ಳಿ ತಂತಿಯನ್ನೋ ಬೆಳ್ಳಿ ತಗಡನ್ನೋ ಕೂರಿಸಿ ಬಡಿಯುತ್ತಾರೆ. ತಂತಿ ಕೆಲಸಕ್ಕೆ ತಾರ್‌ಕಶಿ, ತಗಡನ್ನು ಆಳಕ್ಕೆ ಕೂರಿಸುವುದಕ್ಕೆ ತೆಹ್‌ನಿಶಾನ್, ಬೆಳ್ಳಿ ಮೇಲೆದ್ದು ನಿಲ್ಲುವ ಕೆಲಸಕ್ಕೆ ಜರ್‌ಬುಲಂದ್ ಅನ್ನುತ್ತಾರೆ. ಹಿನ್ನೆಲೆಯೆಲ್ಲ ಬೆಳ್ಳಿಯಾಗಿ, ಹೂವು ಮಾತ್ರ ಕಪ್ಪಾಗಿ ಕಾಣುವ ಹಾಗೆ ತಗಡು ಕತ್ತರಿಸಿ ಹೊದಿಸಿದರೆ ಅದು ಆಫ್ತಾಬಿ.

ಬೆಳ್ಳಿ ಕೂರಿಸಿ ಮತ್ತೆ ಉಜ್ಜಿದಾಗ ಆ ತಾತ್ಕಾಲಿಕ ಕಪ್ಪು ಹೋಗಿಬಿಡುತ್ತದೆ. ಬೆಳ್ಳಿ ಯಾವುದು, ಸತು ಯಾವುದು ಅಂತ ಗೊತ್ತೇ ಆಗದಂತೆ ಇಡೀ ಸಾಮಾನು ಬೂದುಬಿಳಿ ಕಾಣುತ್ತದೆ. ಕೊನೆಯಲ್ಲಿ ಬರುವುದು ಮಣ್ಣು. ಬೀದರ್ ಕೋಟೆಯೊಳಗೆ ಬಿಸಿಲು ಮಳೆ ಬೀಳದ ಜಾಗದ ಮಣ್ಣನ್ನು ತಂದು, ನವಸಾಗರ ಬೆರೆಸಿ ಕುದಿಸುತ್ತಾರೆ. ಬಿಸಿ ಮಾಡಿದ ಸಾಮಾನನ್ನು ಅದರಲ್ಲಿ ಹಾಕುತ್ತಾರೆ. ಸತು ಗಾಢ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಒಳ್ಳೇ ಮಣ್ಣು ಹೌದೋ ಅಲ್ವೋ ಅಂತ ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಈ ಒಂದು ಹಂತ ಮಾತ್ರ ತಪ್ಪಿಸಬೇಡಿ, ಎಷ್ಟು ಹೊತ್ತಾದರೂ ಕಾದು ನೋಡಿ. ಬಿದ್ರಿಯ ಕಪ್ಪು ಬಳಿದ ಬಣ್ಣ ಅಲ್ಲ, ಲೋಹದ ಮೈಯೇ ಬದಲಾಗಿ ಬಂದದ್ದು. ಅಸಲಿ ನಕಲಿ ಪರೀಕ್ಷೆಯೆಲ್ಲ ಇದರ ಮೇಲೇ ನಿಂತಿದೆ.

ಈಗ ಕೊಳ್ಳುವ ಮಾತಿಗೆ ಬರೋಣ.

ಸಾಮಾನು ಕೈಗೆ ಬಂದ ಕೂಡಲೇ ತೂಕ ನೋಡಿ. ಸತು ಭಾರದ ಲೋಹ. ಅಲ್ಯೂಮಿನಿಯಂಗೆ ಕಪ್ಪು ಬಣ್ಣ ಹೊಡೆದದ್ದಾದರೆ ಎತ್ತಿದ ತಕ್ಷಣ ಕೈಗೆ ಹಗುರ ಅನ್ನಿಸುತ್ತದೆ. ಆಮೇಲೆ ಆಯಸ್ಕಾಂತ ಹಿಡಿಯಿರಿ. ಬಿದ್ರಿಗೆ ಅದು ಅಂಟುವುದಿಲ್ಲ. ಅಂಟಿದರೆ ಕಬ್ಬಿಣದ ಮೇಲೆ ಮಾಡಿದ ಬೇರೆ ಕೆಲಸ. ಅದೂ ಹಳೇದಿರಬಹುದು, ಒಳ್ಳೇದೂ ಇರಬಹುದು, ಆದರೆ ಬಿದ್ರಿ ಅಲ್ಲ. ಇನ್ನು ಕಪ್ಪಿನ ಪರೀಕ್ಷೆ. ಮಾರುವವರ ಒಪ್ಪಿಗೆ ಕೇಳಿ, ತಳದಲ್ಲಿ ಕಣ್ಣಿಗೆ ಬೀಳದ ಜಾಗ ಆರಿಸಿ. ಹತ್ತಿಗೆ ನೇಲ್ ಪಾಲಿಶ್ ತೆಗೆಯುವ ದ್ರವ ಒಂದು ಹನಿ ಹಾಕಿ ಮೆತ್ತಗೆ ಒತ್ತಿ. ಹತ್ತಿ ಪೂರ್ತಿ ಕಪ್ಪಾದರೆ ಪೇಂಟ್ ಅಥವಾ ಬೂಟ್ ಪಾಲಿಶ್. ಬೂಟ್ ಪಾಲಿಶ್ ಕಂಡರೆ ಸಾಮಾನು ನಕಲಿ ಅಂತಲೇ ಅಲ್ಲ. ಮಾಸಿದ ಅಸಲಿ ಬಿದ್ರಿಗೂ ಹಚ್ಚಿರುತ್ತಾರೆ. ಅದನ್ನು ಒರೆಸಿದ ಮೇಲೆ ಕೆಳಗೆ ಏನಿದೆ ಅನ್ನುವುದು ಮುಖ್ಯ.

ಇಷ್ಟೆಲ್ಲ ಮಾಡಿದರೂ ಬಿದ್ರಿ ಹೌದು ಅಂತ ಗೊತ್ತಾಗುತ್ತದೆ, ಅಷ್ಟೇ. ಹಳೇದು ಹೌದಾ ಅನ್ನುವುದಕ್ಕೆ ಐಗ್ಲಾಸ್ ಬೇಕು.

ನನ್ನ ಹತ್ತಿರ ಎಲೆ ಅಡಿಕೆ ಇಡುವ ಒಂದು ದುಂಡನೆಯ ಪಾನ್‌ದಾನ್ ಇದೆ. ಮುಚ್ಚಳದ ಮೇಲೆ ಗಸಗಸೆ ಹೂವಿನ ಗಿಡ, ಎಲೆಗಳು ತಗಡಿನವು, ಕಾಂಡ ತಂತಿಯದು. ಒಂದು ಎಲೆಯ ಬೆಳ್ಳಿ ಉದುರಿಹೋಗಿದೆ. ಕೊಟ್ಟವರು ಅದಕ್ಕೇ ಬೆಲೆ ಇಳಿಸಿದರು. ನನಗೆ ಮಾತ್ರ ಆ ಖಾಲಿ ಎಲೆ ಇಡೀ ಡಬ್ಬಿಗಿಂತ ಹೆಚ್ಚು. ಅದನ್ನು ಬೀದರಿನ ಒಬ್ಬ ಹಿರಿಯ ಕುಶಲಕರ್ಮಿಗೆ ತೋರಿಸಿದೆ. 'ಚಾಚಾ, ಇದು ಹಳೇದಾ?' ಅಂತ ಕೇಳಿದೆ. ಅವರು ಬೆಳಕಿಗೆ ಓರೆ ಹಿಡಿದು, 'ಬೆಳ್ಳಿ ನೋಡಬ್ಯಾಡ ಬೇಟಾ, ಬೆಳ್ಳಿ ಹೋದ ಜಾಗ ನೋಡು. ಉಳಿ ಹೆಂಗ ಹೋಗ್ಯಾದ ನೋಡು' ಅಂದರು. ಐಗ್ಲಾಸ್ ಇಟ್ಟು ನೋಡಿದರೆ ತೋಡಿನ ತಳ ನುಣುಪಾಗಿಲ್ಲ. ಉಳಿಯ ಒಂದೊಂದು ಏಟೂ ಒಂದರ ಪಕ್ಕ ಒಂದು ಕೂತಿದೆ, ಎಲೆಯ ತುದಿಗೆ ಹೋದಂತೆ ಏಟು ಚಿಕ್ಕದಾಗಿದೆ. ಅಂಚು ನೇರವಾಗಿ ಇಳಿಯದೆ ಸ್ವಲ್ಪ ಒಳಕ್ಕೆ ಸರಿದಿದೆ. ತಗಡನ್ನು ಬಡಿದಾಗ ಅದು ಆ ಅಂಚಿನ ಕೆಳಗೆ ಹರಡಿ ಕಚ್ಚಿಕೊಳ್ಳಲಿ ಅಂತ. ಅಂಟು ಇಲ್ಲ, ಬೆಸುಗೆ ಇಲ್ಲ. ಪಕ್ಕದ ಎಲೆಯ ಬೆಳ್ಳಿಯ ದಪ್ಪವೂ ಆ ಖಾಲಿ ಅಂಚಿನಿಂದ ಕಾಣುತ್ತದೆ, ಧಾರಾಳವಾಗಿ ಹಾಕಿದ್ದಾರೆ.

ಸವೆತವನ್ನೂ ಹೀಗೇ ಓದಬೇಕು. ಬಳಸಿದ ಸಾಮಾನು ಬೆರಳು ತಾಗುವ ಕಡೆ ಸವೆಯುತ್ತದೆ. ಮುಚ್ಚಳ ಎತ್ತುವ ಹಿಡಿ, ಹುಕ್ಕಾದ ಕುತ್ತಿಗೆ, ತಟ್ಟೆಯ ಅಂಚು, ತಳದ ಉಂಗುರ. ಆ ಜಾಗಗಳಲ್ಲಿ ಕಪ್ಪು ತೆಳುವಾಗಿ ಬೂದು ಬಣ್ಣ ಕಂಡರೆ ಸಹಜ. ಹೂವಿನ ನಡುವೆ, ಯಾರ ಕೈಯೂ ತಾಗದ ಸಂದಿಯಲ್ಲೂ ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಮರಳು ಕಾಗದ ಉಜ್ಜಿ ಹಳೇದು ಮಾಡಿದ್ದಾರೆ ಅಂತ ಅನುಮಾನ ಪಡಿ. ಬೆಳ್ಳಿ ಕೂಡ ಕಾಲ ಕಳೆದಂತೆ ಕಂದು, ಕಪ್ಪು ತಿರುಗುತ್ತದೆ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿತ್ತು ಅನ್ನುವ ಸಾಮಾನಿನ ಗೆರೆಗಳು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದ್ದರೆ ಅದು ಬೆಳ್ಳಿಯೋ ಅಲ್ಯೂಮಿನಿಯಮ್ಮೋ ಕೇಳಿ.

ಆಕಾರವೂ ಕಾಲ ಹೇಳುತ್ತದೆ. ದುಂಡನೆಯ ಹುಕ್ಕಾ ತಳಗಳು ಮೊದಲಿನವು, ಗಂಟೆ ಆಕಾರದವು ಹದಿನೆಂಟನೇ ಶತಮಾನದಲ್ಲಿ ಹೆಚ್ಚಾದವು. ನೆಲಹಾಸು ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಇಡುತ್ತಿದ್ದ ಗುಮ್ಮಟದಂಥ ಮೀರ್-ಎ-ಫರ್ಶ್, ಪಾನ್‌ದಾನ್, ಉಗುಳ್‌ದಾನ್, ಕೈ ತೊಳೆಸುವ ಆಫ್ತಾಬ ಅನ್ನುವ ಹೂಜಿ ಮತ್ತು ಚಿಲುಂಚಿ ಅನ್ನುವ ಬೋಗುಣಿ, ಇವು ಹಳೇ ಮನೆಗಳ ಸಾಮಾನು. ಹೂದಾನಿ, ಬೂದಿ ತಟ್ಟೆ, ಸಿಗರೇಟು ಡಬ್ಬಿ ಕಂಡರೆ ಪೇಟೆಯ ರುಚಿ ಬದಲಾದ ಮೇಲಿನವು ಅಂತ ತಿಳಿಯಿರಿ. ಬಿದ್ರಿ ಕೆಲಸ ಲಕ್ನೋ, ಪೂರ್ಣಿಯಾ, ಮುರ್ಶಿದಾಬಾದ್ ಕಡೆಗೂ ಹೋಗಿತ್ತು. ಹಾಗಾಗಿ ಸಿಕ್ಕಿದ್ದೆಲ್ಲ ಬೀದರಿನದೇ ಅಂತ ಹಟ ಬೇಡ. ಮೀನಿನ ಚಿತ್ರ, ಎದ್ದು ನಿಂತ ಬೆಳ್ಳಿ ಕೆಲಸ ಕಂಡರೆ ಲಕ್ನೋದ್ದು ಇರಬಹುದು. ಕಣ್ಣು ಪಳಗಬೇಕಾದರೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಿ. ಬಿದ್ರಿ ಇರುವ ಕೋಣೆಯಲ್ಲಿ ಅರ್ಧ ದಿನ ಕಳೆಯಿರಿ, ಉಳಿದದ್ದು ಇನ್ನೊಮ್ಮೆ ನೋಡಿದರಾಯಿತು.

ಹಳೇ ಸಾಮಾನು ನಮ್ಮ ಕಡೆ ಹೊರಬರುವ ದಾರಿಗಳು ಕೆಲವೇ. ಹಳೇ ವಾಡೆ ಕೆಡವುವಾಗ, ಅಣ್ಣ ತಮ್ಮ ಪಾಲಾಗುವಾಗ, ಇಲ್ಲವೇ ಹಳೇ ಪಾತ್ರೆಗೆ ಸ್ಟೀಲ್ ಪಾತ್ರೆ ಕೊಡುವವರ ಬುಟ್ಟಿಯಲ್ಲಿ. ಗುಜರಿ ಅಂಗಡಿಯವರಿಗೆ ನಿಮ್ಮ ಪರಿಚಯ ಇರಲಿ. ಬಿದ್ರಿಯನ್ನು ಬರೀ ಸತುವಿನ ತೂಕಕ್ಕೆ ಕರಗಿಸಲು ಕಳಿಸಿಬಿಡುತ್ತಾರೆ. ನನಗೆ ಇದಕ್ಕಿಂತ ಹೊಟ್ಟೆ ಉರಿಯುವ ವಿಷಯ ಇನ್ನೊಂದಿಲ್ಲ. ಕೊಂಡಾಗ ಯಾವ ಊರು, ಎಂಥ ಮನೆ, ಅವರ ಮನೆಯಲ್ಲಿ ಯಾರು ಬಳಸುತ್ತಿದ್ದರು, ಕೇಳಿ ಅವತ್ತೇ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ತಳದ್ದೂ ಸೇರಿ ಫೋಟೋ ತೆಗೆಯಿರಿ. ಅಂಗಡಿಯಾದರೆ ಬಿಲ್ಲಿನಲ್ಲಿ ಸಾಮಾನಿನ ವಿವರ ಬರೆಸಿ, 'ಡೆಕೊರೇಷನ್ ಐಟಂ' ಅಂತ ಗೀಚಿದ ಬಿಲ್ ಬೇಡ.

ಕಾನೂನು ತಿಳಿದಿರಲೇಬೇಕು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಕಲಾವಸ್ತು ಪುರಾತನ ವಸ್ತು. ಹಸ್ತಪ್ರತಿಗಾದರೆ 75 ವರ್ಷ. ಅವನ್ನು ಮಾರುವ ವ್ಯಾಪಾರಿಗೆ ಲೈಸೆನ್ಸ್ ಇರಬೇಕು. ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ದುಬೈಯಲ್ಲಿರುವ ಅಳಿಯನಿಗೆ ಉಡುಗೊರೆ ಅಂತಲೂ ಕಳಿಸುವಂತಿಲ್ಲ. ಕಲ್ಲಿನ, ಲೋಹದ ಮೂರ್ತಿಗಳನ್ನು ನೋಂದಣಿ ಮಾಡಿಸಬೇಕು. ನನ್ನ ಮಾತು ಕೇಳಿದರೆ ಮೂರ್ತಿಗಳ ತಂಟೆಗೇ ಹೋಗಬೇಡಿ. ಯಾವುದೋ ಊರಿನ ಗುಡಿ ಖಾಲಿಯಾಗಿ ಅದು ನಿಮ್ಮ ಕಪಾಟಿಗೆ ಬಂದಿರಬಹುದು. ಹಾಗೇ ಬೀದರಿನ ಮಹಮೂದ್ ಗಾವಾನ್ ಮದರಸಾದ ನೀಲಿ ಟೈಲ್ಸ್ ಚೂರು ಅಂತ ಯಾರಾದರೂ ತಂದರೆ ಮುಟ್ಟಬೇಡಿ. 1472ರಲ್ಲಿ ಕಟ್ಟಿದ ಆ ಮದರಸಾ ಔರಂಗಜೇಬನ ಕಾಲದ ಮದ್ದಿನ ಸ್ಫೋಟದಲ್ಲಿ ಅರ್ಧ ಹಾಳಾಗಿದೆ. ಉಳಿದ ಟೈಲ್ಸ್ ಆ ಗೋಡೆಯ ಮೇಲೇ ಇರಬೇಕು. ಹೊಲ ಉಳುವಾಗ ನಾಣ್ಯ, ಗಡಿಗೆ ಸಿಕ್ಕರೆ ಅದನ್ನೂ ಕೊಳ್ಳುವುದಲ್ಲ, ಸರ್ಕಾರಕ್ಕೆ ತಿಳಿಸುವುದು.

ಬಟ್ಟೆ ಮತ್ತು ಪಿಂಗಾಣಿಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ಹಳೇ ಜರಿ ಸೀರೆ ಕೊಳ್ಳುವವರು ಓಣಿಗೆ ಬರುತ್ತಾರಲ್ವಾ, ಅವರು ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಕೊಡುವ ಮೊದಲು ಮನೆಯವರನ್ನು ಒಂದು ಮಾತು ಕೇಳಿ ನೋಡಿ. ಹಳೇ ಇಳಕಲ್ ಸೀರೆಯಾದರೆ ಸೆರಗು ಒಡಲು ಸೇರುವ ಜಾಗವನ್ನು ಹಿಂಬದಿಯಿಂದ ನೋಡಿ. ಎಳೆಗೆ ಎಳೆ ಕೊಂಡಿ ಹಾಕಿಕೊಂಡಿರಬೇಕು. ಕೌದಿ ಹರಿದಿದ್ದರೆ ಹೊಲಿಸಬೇಡಿ. ಹರಿದ ಸಂದಿಯಲ್ಲಿ ಅಜ್ಜಿಯ ಕಾಲದ ಸೀರೆಯ ತುಂಡು ಕಾಣುತ್ತದೆ, ಮೇಲಿನ ಬಟ್ಟೆಗಿಂತ ಅದೇ ಹಳೇದು. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ. ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸಿ. ಪಿಂಗಾಣಿಯನ್ನು ಬೆರಳಿನಿಂದ ತಟ್ಟಿ ನೋಡಿ, ಬಿರುಕಿದ್ದರೆ ಸದ್ದು ಸತ್ತಿರುತ್ತದೆ. ತಳದ ಚೀನೀ ರಾಜರ ಮುದ್ರೆ ನಂಬಬೇಡಿ, ಹಿಂದಿನ ರಾಜರ ಹೆಸರನ್ನು ಮುಂದಿನವರು ಗೌರವಕ್ಕೂ ಮಾರಾಟಕ್ಕೂ ಹಾಕುತ್ತಿದ್ದರು. ಇಂಗ್ಲಿಷಿನಲ್ಲಿ 'ನಿಪ್ಪಾನ್' ಅಂತ ಮುದ್ರೆ ಇದ್ದರೆ ಹೆಚ್ಚಾಗಿ 1891ರಿಂದ 1921ರ ನಡುವೆ ಅಮೆರಿಕದ ಮಾರುಕಟ್ಟೆಗೆ ಅಂತ ಮಾಡಿದ್ದು.

ಮನೆಗೆ ತಂದ ಬಿದ್ರಿಗೆ ಹುಣಸೆಹಣ್ಣು, ಲಿಂಬೆ, ಬೂದಿ, ಪಾತ್ರೆ ಹೊಳೆಸುವ ಪುಡಿ ಯಾವುದೂ ಬೇಡ. ಹುಳಿ ತಾಗಿದರೆ ಸತು ತಿಂದುಹೋಗುತ್ತದೆ, ಕಪ್ಪು ಕಿತ್ತುಬರುತ್ತದೆ. ಮೆತ್ತನೆ ಹತ್ತಿ ಬಟ್ಟೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ತೆಳ್ಳಗೆ ಒರೆಸಿ, ಆಮೇಲೆ ಒಣ ಬಟ್ಟೆಯಿಂದ ಎಣ್ಣೆ ತೆಗೆಯಿರಿ. ಎಷ್ಟೋ ಸಾಮಾನು ಇಷ್ಟಕ್ಕೇ ಜೀವ ಬಂದ ಹಾಗೆ ಕಪ್ಪಾಗುತ್ತವೆ. ಕಪಾಟಿನಲ್ಲಿ ರಬ್ಬರ್, ಉಣ್ಣೆ ಬಟ್ಟೆ ಹತ್ತಿರ ಇಡಬೇಡಿ, ಬೆಳ್ಳಿ ಬೇಗ ಕಪ್ಪಾಗುತ್ತದೆ. ಎತ್ತರದ ಅಟ್ಟದಲ್ಲೂ ಬೇಡ. ನೋಡಲು ಗಟ್ಟಿ ಅನ್ನಿಸಿದರೂ ಬಿದ್ದರೆ ಸೀಳುತ್ತದೆ, ಹಿತ್ತಾಳೆಯ ಹಾಗೆ ತಗ್ಗು ಬಿದ್ದು ಸುಮ್ನಾಗುವುದಿಲ್ಲ.

ಉದುರಿದ ಬೆಳ್ಳಿ ತುಂಬಿಸಲು ಅವಸರ ಮಾಡಬೇಡಿ. ಉದುರಿದ ಚೂರು ಸಿಕ್ಕರೆ ಕಾಗದದಲ್ಲಿ ಸುತ್ತಿ ಅದರ ಜೊತೆಗೇ ಇಡಿ. ಇಡೀ ಮೈ ಬೂದು ಬಣ್ಣಕ್ಕೆ ತಿರುಗಿ, ಎಣ್ಣೆ ಒರೆಸಿದರೂ ಕಪ್ಪು ಮರಳಿ ಬರದಿದ್ದರೆ ಆಗ ಬೀದರಿಗೆ ಒಯ್ದು ಕೋಟೆ ಮಣ್ಣಿನಲ್ಲೇ ಕಪ್ಪು ಮಾಡಿಸಿ, ಪೇಂಟ್ ಹೊಡೆಯುವವರಿಗೆ ಕೊಡಬೇಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ. ತಳದಲ್ಲೋ ಸಂದಿಯಲ್ಲೋ ಬಿಳೀ ಪುಡಿ ಕಂಡರೆ ತೇವ ಹಿಡಿದಿದೆ ಅಂತ ಅರ್ಥ. ಒಣ ಬ್ರಷ್‌ನಿಂದ ಪುಡಿ ತೆಗೆದು, ಒಣ ಜಾಗಕ್ಕೆ ಸ್ಥಳ ಬದಲಿಸಿ, ಎಣ್ಣೆ ಒರೆಸಿ.